ಗಂಡಭೇರುಂಡದ ನಾನ್‌ಕಟಾಯಿ

ರಾಜ್ಯಕ್ಕೆ ಐವತ್ತು ತುಂಬಿದ ವರ್ಷ ಬೈಲಹೊಂಗಲದ ರಮೀಜನ ಬೇಕರಿಗೆ ಸಾಲಿ ಮಾಸ್ತರ ವೀರಪ್ಪನವರು ಬಂದು, ರಾಜ್ಯೋತ್ಸವಕ್ಕೆಂದು ಇನ್ನೂರು ನಾನ್‌ಕಟಾಯಿ ಹೇಳಿದರು.

"ನಮ್ಮ ರಾಜ್ಯದ ಲಾಂಛನದಾಗಿನ ಗಂಡಭೇರುಂಡ ಆಗಬೇಕು ನೋಡ್ರಿ. ಎರಡೂ ತಲಿ ಚಂದಾಗಿ ಕಾಣಬೇಕು. ರುಚಿ ಮಾತ್ರ ನಿಮ್ಮ ಅಮ್ಮ ಮಾಡತಿದ್ದಂಥಾದ್ದು ಇರಲಿ" ಎಂದು, ಬಡಗಿ ಸತ್ಯಪ್ಪನಿಂದ ಕೆತ್ತಿಸಿದ ಸಾಗವಾನಿ ಅಚ್ಚನ್ನು ಕೊಟ್ಟು ಹೋದರು.

ರಮೀಜನ ಹೆಂಡತಿ ಶಾಹಿಸ್ತಾ ಅಚ್ಚನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. ಅತ್ತೆ ಬೇಗಂಬಿ ಸತ್ತು ಎರಡು ವರ್ಷವಾಗಿತ್ತು. ಆ ನಾನ್‌ಕಟಾಯಿ ಅವರ ಜೊತೆಗೇ ಮಣ್ಣು ಸೇರಿತ್ತು. ಕೊನೆಯ ವರ್ಷ ಮುದುಕಿಯ ಕೈ ನಡುಗುತ್ತಿತ್ತು. ಒಂದು ದಿನ ತುಂಬಿದ ತಟ್ಟೆ ಕೈಜಾರಿ ಬಿದ್ದಾಗ ಶಾಹಿಸ್ತಾ, "ಸಾಕು ಮಾಡ್ರಿ ಅಮ್ಮಾ, ಇನ್ನ ಭಟ್ಟಿ ಕಡೆ ಬರಬ್ಯಾಡ್ರಿ" ಎಂದು ಸಿಡುಕಿದ್ದಳು. ಬೇಗಂಬಿ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋದರು. ಮತ್ತೆ ಬರಲಿಲ್ಲ. ನಾಲ್ಕು ತಿಂಗಳಿಗೆ ತೀರಿಕೊಂಡರು.

ಶಾಹಿಸ್ತಾ ಮೂರು ಸಲ ಹಿಟ್ಟು ಕಲಸಿದಳು. ಮೂರು ಸಲವೂ ಹಕ್ಕಿಗಳು ಕುತ್ತಿಗೆಯಲ್ಲಿ ಬಿರಿದು ತಲೆ ಕಳಚಿಕೊಂಡವು. ಶುಕ್ರವಾರ ಮಧ್ಯಾಹ್ನ ರಮೀಜ ನಮಾಜಿಗೆ ಹೋಗಿದ್ದ. ನಾಲ್ಕನೆಯ ಸಲ ಹಿಟ್ಟಿಗೆ ಕೈಹಾಕುವಷ್ಟರಲ್ಲಿ ಬೆನ್ನ ಹಿಂದೆ ಸದ್ದಾಯಿತು. ತಪ್, ತಪ್. ಹಲಗೆಯ ಮೇಲೆ ಅಂಗೈ ತಟ್ಟಿದಂತೆ. ಜೊತೆಗೆ ಗಾಜಿನ ಬಳೆಯ ಸಣ್ಣ ಕಿಣಿ. ತಿರುಗಿ ನೋಡಿದರೆ ಹಲಗೆ ಬರಿದು, ಅದರ ಮೇಲೆ ಮೈದಾದ ಪುಡಿ ಕೂಡ ಇರಲಿಲ್ಲ. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಸದ್ದು. ಅತ್ತೆ ಹಿಟ್ಟು ತಟ್ಟುತ್ತಿದ್ದುದೂ ಹೀಗೆಯೇ.

ಭಾನುವಾರ ಬಸ್ಸು ಹತ್ತಿ ಮುನವಳ್ಳಿಗೆ ಹೋದಳು. ಬೇಗಂಬಿಯ ಜೊತೆ ಇಪ್ಪತ್ತು ವರ್ಷ ಭಟ್ಟಿಯಲ್ಲಿ ದುಡಿದ ಗುರವ್ವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಳು.

"ಸೋಡಾ ಹಾಕಿದಿ ಹೌದಿಲ್ಲೊ? ಅದಕ್ಕ ಬಿರೀತಾವ" ಎಂದಳು ಗುರವ್ವ, ಹಕ್ಕಿಗಳ ತಲೆ ಕಳಚಿದ್ದನ್ನು ಕೇಳಿ. "ಮೊಸರಿನ ಕೆನಿ ಹಾಕು, ಒಂದು ಮುಷ್ಟಿ ಸಣ್ಣ ರವಾ ಹಾಕು. ತುಪ್ಪ ಬೆಳ್ಳಗಾಗೂತನಾ ಅಂಗೈಲೆ ತಿಕ್ಕು. ಕಲಸಿದ ಹಿಟ್ಟಿಗೆ ಹಸಿ ಅರಿವಿ ಮುಚ್ಚಿ ಒಂದು ತಾಸು ಬಿಡು. ಬ್ರೆಡ್ ತಗದ ಮ್ಯಾಲೆ, ಭಟ್ಟಿ ಕಾವು ಇಳಿಯೂ ಮುಂದ ಒಳಗ ಇಡು."

ಹೊರಡಲು ಎದ್ದ ಶಾಹಿಸ್ತಾಳ ಕೈಯನ್ನು ಗುರವ್ವ ಹಿಡಿದುಕೊಂಡಳು.

"ನೀ ಬ್ಯಾಡ ಅಂದ ಮ್ಯಾಲೆ ಬೇಗಂಬಿ ಬಸ್ಸಿನ್ಯಾಗ ಇಲ್ಲಿಗೆ ಬರತಿದ್ಲು, ತಂಗಿ. ಹಿಟ್ಟಿಲ್ಲ ಏನಿಲ್ಲ, ಬರೇ ಹಲಗಿ ಮುಂದ ಕುಂತು ತಟ್ಟತಿದ್ಲು. ಯಾಕ ಬೇ ಅಂದ್ರ, ಕೈ ಮರೀಬಾರದು, ಸೊಸಿ ಯಾವಾಗರ ಕೇಳಿದ್ರ ಹೇಳಿಕೊಡಬೇಕಲ್ಲ ಅಂತಿದ್ಲು."

ಶಾಹಿಸ್ತಾ ಅಲ್ಲಿಯೇ ಕುಳಿತು ಅತ್ತಳು.

ಮರುದಿನ ಗುರವ್ವ ಹೇಳಿದಂತೆಯೇ ಮಾಡಿದಳು. ಭಟ್ಟಿಯಿಂದ ತೆಗೆದಾಗ ಒಂದು ಹಕ್ಕಿಯೂ ಬಿರಿದಿರಲಿಲ್ಲ. ಎರಡು ತಲೆಗಳೂ ಎರಡು ದಿಕ್ಕಿಗೆ ನೆಟ್ಟಗೆ ನೋಡುತ್ತಿದ್ದವು. ರಮೀಜ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡವನು ಅಗಿಯುವುದನ್ನೇ ನಿಲ್ಲಿಸಿದ. ಮಿಕ್ಕ ತುಂಡನ್ನು ಮೆಲ್ಲನೆ ತಟ್ಟೆಯಲ್ಲಿಟ್ಟ.

"ಅಮ್ಮನ್ನ ಭಟ್ಟಿಯಿಂದ ಎಬ್ಬಿಸಿದಾಕಿ ನಾನ ರೀ" ಎಂದಳು ಶಾಹಿಸ್ತಾ. ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಮಾತು.

ರಮೀಜ ತಲೆ ಎತ್ತಲಿಲ್ಲ.

"ಗೊತ್ತೈತಿ. ಅವತ್ತ ನಾ ಬಾಗಲದಾಗ ನಿಂತಿದ್ದೆ. ಅಮ್ಮ ನನ್ನ ಮಾರಿ ನೋಡಿದ್ಲು, ಮಗ ಏನರ ಅಂತಾನೇನೋ ಅಂತ. ನಾನೂ ಸುಮ್ನ ಇದ್ದೆ."

ಶಾಹಿಸ್ತಾ ಅವನ ಪಕ್ಕದಲ್ಲಿ ಕುಳಿತಳು. ಆಮೇಲೆ ರಮೀಜ ಎದ್ದು, ನಾನ್‌ಕಟಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದ.