ಶ್ರುತಿ ಹಿಡಿದವಳ ಚಿತ್ರ

ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಯ ನಾಯ್ದೆನ್ ಮೂರನೆಯ ಲೆನ್ಸನ್ನೂ ಪೆಟ್ಟಿಗೆಯಿಂದ ತೆಗೆದು ಗಾಜಿನ ಮೇಜಿನ ಮೇಲೆ ಕುಕ್ಕಿದ. ಆ ಸದ್ದಿಗೇ ನೆವೇನಾ ಲೆನ್ಸಿನ ಮೇಲೆ ಕೈ ಇಟ್ಟಳು.

"ಇದನ್ನ ತಗೊಂಡು ಹೋಗು ತಂಗಿ, ಕಣ್ಮುಚ್ಚಿ ತಗೊಂಡು ಹೋಗು. ದೂರದ್ದು, ಹತ್ತಿರದ್ದು, ಎಲ್ಲ ಒಂದರಲ್ಲೇ. ಈ ಊರಲ್ಲಿ ಮದುವೆ ಫೋಟೋ ತೆಗೆಯೋರೆಲ್ಲ ಬಾಡಿಗೆಗೆ ಒಯ್ಯೋದು ಇದನ್ನೇ."

"ಮದುವೆಯಲ್ಲಿ ಸದ್ದಾದ್ರೆ ಯಾರೂ ಆಚೆ ಹಾಕಲ್ಲ ಅಣ್ಣ. ಮೆತೋದಿ ಮೇಷ್ಟ್ರು ಹಾಕ್ತಾರೆ."

ಹೆಂಗಸರ ಹಾಡುಮೇಳವನ್ನು ನಡೆಸುವ ಮೆತೋದಿ ಮೇಷ್ಟ್ರು ಸ್ಪಷ್ಟವಾಗಿಯೇ ಹೇಳಿದ್ದರು. ಶನಿವಾರದ ಕಛೇರಿಯನ್ನು ರೇಡಿಯೋದವರು ಮುದ್ರಿಸಿಕೊಳ್ಳುತ್ತಾರೆ. ಒಂದೇ ಒಂದು 'ಟಕ್' ಕೇಳಿಸಿದರೂ ಅವಳೂ ಹೊರಗೆ, ಅವಳ ಕ್ಯಾಮೆರಾ ಡಬ್ಬಿಯೂ ಹೊರಗೆ. ಫ್ಲ್ಯಾಶಿನ ಮಾತನ್ನಂತೂ ಎತ್ತಲೇಬಾರದು.

ಅದು ಅವಳ ತಾಯಿ ದೋನ್ಕಾಳ ಕೊನೆಯ ಕಛೇರಿ. ಮಂಡಿಗಳು ಇನ್ನು ಎರಡು ಗಂಟೆ ನಿಲ್ಲಲು ಒಪ್ಪುತ್ತಿರಲಿಲ್ಲ. ಮೂವತ್ತೊಂದು ವರ್ಷ ಅವಳು ಹಿಂದಿನ ಸಾಲಿನಲ್ಲಿ ನಿಂತು ಶ್ರುತಿ ಹಿಡಿದಿದ್ದಳು. ಮುಂದಿನವರು ಹಾಡನ್ನು ಎಲ್ಲಿಗೆ ಒಯ್ದರೂ ಕೆಳಗೆ ಅದೇ ಒಂದು ಸ್ವರ, ಕದಲದೆ. ಆ ವರ್ಷಗಳಲ್ಲಿ ಮೇಳದ ಚಿತ್ರಗಳನ್ನು ಎಷ್ಟೋ ಜನ ತೆಗೆದಿದ್ದರು. ಎಲ್ಲರ ಕಣ್ಣೂ ಮುಂದೆ ನಿಂತ ಗಾಯಕಿ ಕಲಿನಾಳ ಮೇಲೆ. ಫ್ಲ್ಯಾಶಿನ ಬೆಳಕೂ ಅಲ್ಲಿಗೇ ಮುಗಿದು, ದೋನ್ಕಾ ಇದ್ದ ಕಡೆ ಒಂದು ಕಪ್ಪು ಮಚ್ಚೆ. ಹಾಡುವಾಗಿನ ಅಮ್ಮನ ಮುಖದ ಚಿತ್ರ ನೆವೇನಾಳ ಬಳಿ ಒಂದೂ ಇರಲಿಲ್ಲ. ಈ ಸಲ ಇರಲೇಬೇಕು.

ಅವಳ ಹಳೆಯ ಕ್ಯಾಮೆರಾ ಒಳಗಿನ ಕನ್ನಡಿ ಬಡಿದುಕೊಂಡು ಸದ್ದು ಮಾಡುತ್ತಿತ್ತು. ಆದ್ದರಿಂದ ನಾಯ್ದೆನ್ ತೋರಿಸಿದ ಸದ್ದಿಲ್ಲದ ಹೊಸ ಕ್ಯಾಮೆರಾವನ್ನೂ ಆ ದೊಡ್ಡ ಝೂಮ್ ಲೆನ್ಸನ್ನೂ ತೆಗೆದುಕೊಂಡಳು. ಬಾಗಿಲವರೆಗೆ ಹೋಗಿ ವಾಪಸು ಬಂದಳು.

"ಅಣ್ಣ, ಸರಿಹೋಗದಿದ್ರೆ ನಾಳೆ ಬದಲಾಯಿಸಿ ಕೊಡ್ತೀರಾ?"

"ನಿನ್ನ ಅನುಮಾನಕ್ಕೆ ಬೇರೆ ಬಾಡಿಗೆ ಹಾಕ್ತೀನಿ ನೋಡು," ಎಂದು ಅವನು ನಕ್ಕ. "ತಗೊಂಡು ಬಾ, ಕೊಡ್ತೀನಿ."

ಮರುದಿನ ಶುಕ್ರವಾರ ಸಭಾಂಗಣದಲ್ಲಿ ತಾಲೀಮು. ನೆವೇನಾ ನಾಲ್ಕನೆಯ ಸಾಲಿನ ಅಂಚಿನಲ್ಲಿ ಕೂತು ನಲವತ್ತು ಚಿತ್ರ ತೆಗೆದಳು. ಮೇಷ್ಟ್ರ ಕಿವಿ ನಿಮಿರಲಿಲ್ಲ. ಕತ್ತಲಲ್ಲಿ ಕ್ಯಾಮೆರಾದ ಪರದೆ ಫಳಫಳ ಹೊಳೆಯಿತು. ಚಿತ್ರಗಳೆಲ್ಲ ಚೆಲುವಾಗಿ ಕಂಡವು. ಬೇರೆಯವರಾಗಿದ್ದರೆ ಅಷ್ಟಕ್ಕೇ ಮನೆಗೆ ಹೋಗುತ್ತಿದ್ದರು. ನೆವೇನಾಳಿಗೆ ಚೆಂದ ಕಂಡದ್ದರ ಮೇಲೇ ಗುಮಾನಿ ಜಾಸ್ತಿ. ಹೊರಗೆ ಬಿಸಿಲಿಗೆ ಬಂದು, ಶಾಲಿನಡಿ ಪರದೆಯನ್ನು ಹಿಡಿದು ಅಮ್ಮನ ಮುಖವನ್ನು ಹಿಗ್ಗಿಸಿದಳು. ಚಿತ್ರ ಅಂದುಕೊಂಡದ್ದಕ್ಕಿಂತ ಮಬ್ಬಾಗಿತ್ತು. ಮುಖದ ಮೇಲೆ ಅಡ್ಡಡ್ಡ ಪಟ್ಟೆಗಳಿದ್ದವು, ಕಿಟಕಿಯ ಸರಳುಗಳ ನೆರಳು ಬಿದ್ದಂತೆ.

ಈ ವರ್ಷ ಸಭಾಂಗಣಕ್ಕೆ ಹಾಕಿಸಿದ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತಿದ್ದವು. ಸದ್ದಿಲ್ಲದ ಕ್ಯಾಮೆರಾ ಚಿತ್ರವನ್ನು ಗೆರೆಗೆರೆಯಾಗಿ ಓದಿಕೊಳ್ಳುವುದರಿಂದ ಆ ಮಿನುಗು ಪಟ್ಟೆಯಾಗುತ್ತಿತ್ತು. ಒಳಗೆ ಹೋಗಿ ಕ್ಯಾಮೆರಾದ ಶಟರ್ ವೇಗ ಹೆಚ್ಚಿಸಿದಳು, ಪಟ್ಟೆ ದಟ್ಟವಾಯಿತು. ಇಳಿಸುತ್ತಾ ಬಂದಳು. ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ ಬಂದಾಗ ಪಟ್ಟೆ ಮಾಯ. ಆದರೆ ಅಷ್ಟು ನಿಧಾನದಲ್ಲಿ ಆ ಭಾರದ ಲೆನ್ಸು ಅವಳ ಕೈಯಲ್ಲಿ ನಡುಗಿ, ಎಲ್ಲರ ಮುಖವೂ ಕಲಸಿಹೋಯಿತು.

ಬಿಡುವಿನಲ್ಲಿ ದೋನ್ಕಾ ಕುಂಟುತ್ತಾ ಬಂದು ಚೀಸು ತುಂಬಿದ ಪದರ ರೊಟ್ಟಿ ಬಾನಿತ್ಸದ ತುಂಡೊಂದನ್ನು ಮಗಳ ಕೈಗಿಟ್ಟಳು.

"ಮುಖ ಯಾಕೆ ಹಂಗಿದೆ? ತಿನ್ನು. ಕಲಿನಾದು ಚೆನ್ನಾಗಿ ಬಂತಾ?"

"ಕಲಿನಾದು ತೆಗೀತಿಲ್ಲಮ್ಮ. ನಿಂದು."

"ನನ್ನದಾ? ಹಾಡೋಳನ್ನ ಬಿಟ್ಟು ಗೋಡೆ ಫೋಟೋ ತೆಗೀತೀಯಾ? ಎರಡು ಗಂಟೆ ಬಾಯಿ ಒಂದೇ ಥರ ತೆರಕೊಂಡು ಕಂಬದ ಹಂಗೆ ನಿಂತಿರ್ತೀನಿ ಕಣೇ."

ಬಾನಿತ್ಸ ನೆವೇನಾಳ ಬಾಯಿಯ ಹತ್ತಿರವೇ ನಿಂತಿತು. ಕಂಬದ ಹಾಗೆ. ಕಲಿನಾ ತೂಗುತ್ತಾಳೆ, ಮೇಷ್ಟ್ರ ಕೈ ಹಾರುತ್ತದೆ. ಅವರಿಗೆ ವೇಗ ಬೇಕು. ಅಮ್ಮನಿಗೆ ಬೇಡ. ಅಲುಗದೆ ಇರಬೇಕಾದದ್ದು ತನ್ನ ಕೈ ಒಂದೇ.

ಅವಳು ನೇರವಾಗಿ ಅಂಗಡಿಗೆ ಹೋದಳು.

"ಝೂಮ್ ಬೇಡ ಅಣ್ಣ. ಆ ಚಿಕ್ಕದು ಕೊಡಿ, ಎಂಬತ್ತೈದರದ್ದು."

"ಅದಾ? ಅದರಲ್ಲಿ ದೂರ ಹತ್ತಿರ ಏನೂ ಮಾಡಕ್ಕಾಗಲ್ಲ. ಕೂತಲ್ಲೇ ಕೂತಿರ್ಬೇಕು!"

"ಮೇಷ್ಟ್ರೂ ಏಳಬೇಡ ಅಂದಿದಾರೆ. ಇದು ಹಗುರ. ಬಾಯಿ ದೊಡ್ಡದು, ಬೆಳಕು ಜಾಸ್ತಿ ಕುಡಿಯತ್ತೆ."

"ಜೊತೆಗೆ ಝೂಮೂ ಇರ್ಲಿ, ಧೈರ್ಯಕ್ಕೆ."

"ಎರಡಿದ್ರೆ ಬದಲಾಯಿಸ್ತಾ ಕೂರ್ತೀನಿ. ನನ್ನ ಬುದ್ಧಿ ನಂಗೆ ಗೊತ್ತು."

ಶನಿವಾರ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹೋದಳು. ಕ್ಯಾಮೆರಾ ಮುಖ ಹುಡುಕಿ ತಾನೇ ಫೋಕಸ್ ಮಾಡುವಂಥದ್ದು. ಬಿಟ್ಟರೆ ಅದೂ ಮುಂದಿನ ಸಾಲಿಗೇ ಓಡುತ್ತಿತ್ತು. ಅದನ್ನು ಆರಿಸಿದಳು. ಅಮ್ಮನನ್ನು ಅವಳ ಜಾಗದಲ್ಲಿ ನಿಲ್ಲಿಸಿ, ಕೈಯಿಂದಲೇ ಫೋಕಸ್ ಹೊಂದಿಸಿ, ಲೆನ್ಸಿನ ಬಳೆ ತಿರುಗದಂತೆ ಟೇಪು ಅಂಟಿಸಿದಳು. ಹೊಳೆದು ಮೋಸ ಮಾಡುವ ಪರದೆಯ ಮೇಲೂ ಕಪ್ಪು ಟೇಪು, ಇನ್ನು ಕಣ್ಣಿಟ್ಟು ನೋಡುವ ಕಿಂಡಿಯೇ ಗತಿ.

ಕಛೇರಿ ಶುರುವಾಯಿತು. ದೀಪದವನು ಬೆಳಕನ್ನು ತಾಲೀಮಿನಲ್ಲಿದ್ದುದರ ಅರ್ಧಕ್ಕಿಂತಲೂ ಕೆಳಗೆ ಇಳಿಸಿದ್ದ. ವೇಗವನ್ನು ಮುಟ್ಟುವಂತಿಲ್ಲ, ಪಟ್ಟೆ ಬರುತ್ತದೆ. ಫೋಕಸ್ ಮುಟ್ಟುವಂತಿಲ್ಲ. ಆದರೆ ಚಿಕ್ಕ ಲೆನ್ಸಿನ ಬಾಯಿ ಇನ್ನೂ ಪೂರ್ತಿ ತೆರೆದಿರಲಿಲ್ಲ. ತೆರೆದಳು. ಸಾಕಾಯಿತು. ಝೂಮ್ ಆಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು.

ಎರಡನೆಯ ಹಾಡಿನಲ್ಲಿ ಎಲ್ಲೋ 'ಟಕ್' ಎಂದಿತು. ಮೇಷ್ಟ್ರ ತಲೆ ಸರಕ್ಕನೆ ಅವಳ ಕಡೆ ತಿರುಗಿತು. ನೆವೇನಾ ಬೆರಳನ್ನು ಗುಂಡಿಯಿಂದ ದೂರ ಎತ್ತಿ ತೋರಿಸಿದಳು. ಬಲಗಡೆ ಪತ್ರಿಕೆಯವನೊಬ್ಬ ಕ್ಯಾಮೆರಾವನ್ನು ಕೋಟಿನೊಳಗೆ ತುರುಕಿಕೊಂಡು ಬಗ್ಗಿ ಹೊರಗೆ ನಡೆಯುತ್ತಿದ್ದ.

ಕೊನೆಯ ಹಾಡು. ಶ್ರುತಿ ಹಿಡಿದವರು ಒಬ್ಬರ ಉಸಿರು ಮುಗಿಯುವ ಮೊದಲೇ ಇನ್ನೊಬ್ಬರು ಉಸಿರೆಳೆದುಕೊಂಡು ಸ್ವರ ಕಡಿಯದಂತೆ ನೋಡಿಕೊಳ್ಳುತ್ತಾರೆ. ಅದನ್ನು ನೆವೇನಾ ಚಿಕ್ಕಂದಿನಿಂದ ಅಡುಗೆಮನೆಯಲ್ಲಿ ಕೇಳಿ ಬಲ್ಲಳು. ಅಮ್ಮ ಉಸಿರೆಳೆದಾಗ ತಾನೂ ಎಳೆದಳು. ಅಮ್ಮ ಸ್ವರಕ್ಕೆ ನಿಂತಾಗ ತಾನೂ ಉಸಿರು ಕಟ್ಟಿದಳು, ಕೈ ನಿಂತಿತು, ಒತ್ತಿದಳು. ಮೂರು ಉಸಿರು, ಮೂರು ಚಿತ್ರ.

ಭಾನುವಾರ ಬೆಳಿಗ್ಗೆ ದೋನ್ಕಾ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಮೇಷ್ಟ್ರ ಕೈ ಹೊಗೆಯಂತೆ ಹರಡಿತ್ತು. ಕಲಿನಾ ಬರೀ ಕೆಂಪು ಬಣ್ಣವಾಗಿದ್ದಳು. ಹಿಂದೆ ಒಂದು ಮುಖ ಮಾತ್ರ, ರೆಪ್ಪೆ ಎಣಿಸಬಹುದಾದಷ್ಟು ಸ್ಪಷ್ಟವಾಗಿ.

"ಕಲಿನಾ ಮುಖ ಕಲಸಿಹೋಗಿದೆಯಲ್ಲೇ! ನೋಡಿದ್ರೆ ನಿನ್ನ ಸುಮ್ನೆ ಬಿಡ್ತಾಳಾ ಅವಳು?"

"ಅವಳು ಅಲ್ಲಾಡಿದಳು. ನೀನು ಅಲ್ಲಾಡಲಿಲ್ಲ."

ದೋನ್ಕಾ ಕನ್ನಡಕ ತೆಗೆದು ಏಪ್ರನ್ನಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

"ಮಂಡಿ ಎಷ್ಟು ನೋಯ್ತಿತ್ತು ಗೊತ್ತಾ," ಎಂದಳು. "ಒಂದು ಚೂರೂ ಕಾಣಲ್ಲ."