ಇಬ್ಬರು ಕಂಡ ಬೆಳಕು

ಧನುರ್ಮಾಸದ ಚಳಿಯಲ್ಲಿ ಪಂಕಜಾ ಏಳುವ ಹೊತ್ತಿಗೆ ಸಹಕಾರನಗರದ ಆ ಬೀದಿಯಲ್ಲಿ ಎಚ್ಚರವಾಗಿರುತ್ತಿದ್ದ ಇನ್ನೊಂದು ಜೀವವೆಂದರೆ ಪಕ್ಕದ ಮನೆಯ ಮುನಿಕೃಷ್ಣಮ್ಮ. ಇಬ್ಬರೂ ಒಂದೇ ಹೊತ್ತಿಗೆ ಗೇಟು ತೆಗೆಯುತ್ತಿದ್ದರು, ಒಂದೇ ಹೊತ್ತಿಗೆ ಬಾಗಿಲು ಗುಡಿಸುತ್ತಿದ್ದರು, ಆದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ನೀವು ನಗುತ್ತೀರಿ. ಮುನಿಕೃಷ್ಣಮ್ಮನ ಮನೆ ಬೀದಿಯ ಏರಿನಲ್ಲಿತ್ತು, ಪಂಕಜಾಳ ಮನೆ ಇಳಿಜಾರಿನಲ್ಲಿ. ಅವಳು ಬಾಗಿಲಿಗೆ ಸುರಿದ ನೀರು ಹರಿದು ಬಂದು ಇವಳ ರಂಗೋಲಿಯ ಒಂದು ಮೂಲೆಯನ್ನು ತಿಂದುಹಾಕುತ್ತಿತ್ತು.

"ಬೇಕಂತಲೇ ಮಾಡ್ತೀರಿ ನೀವು," ಎಂದಿದ್ದಳು ಪಂಕಜಾ, ಅದೂ ಹಬ್ಬದ ದಿನ.

"ನೀರು ಇಳಿಜಾರ್ ಇರೋ ತಾವ ಓಯ್ತದೆ. ನಾನೇನ್ ಕೈ ಇಡ್ಕಂಡ್ ಕರ್ಕಂಬತ್ತೀನಾ?" ಎಂದಿದ್ದಳು ಮುನಿಕೃಷ್ಣಮ್ಮ. ಅಲ್ಲಿಗೆ ಮುಗಿಯಿತು.

ಆ ದಿನ ಬೀದಿದೀಪ ಕೆಟ್ಟಿತ್ತು. ಪಂಕಜಾ ಬಗ್ಗಿ ಚುಕ್ಕಿ ಇಡುತ್ತಿದ್ದಾಗ ನೆಲ ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ತಲೆ ಎತ್ತಿದಳು. ನೀರಿನ ಟ್ಯಾಂಕಿನ ಮೇಲುಗಡೆ, ಕಪ್ಪು ಆಕಾಶದಲ್ಲಿ ಒಂದು ಬೆಳಕು ಏಳುತ್ತಿತ್ತು. ನೀರಿಗೆ ಬಿದ್ದ ಹಾಲಿನ ಹನಿಯಂತೆ ಅದು ನಿಧಾನವಾಗಿ ಅಗಲವಾಯಿತು, ಅಂಚಿನಲ್ಲಿ ತುಸು ನೀಲಿಯಾಯಿತು. ಸದ್ದೇ ಇಲ್ಲ. ವಿಮಾನವಂತೂ ಅಲ್ಲ. ಯಲಹಂಕದ ವಿಮಾನ, ದೇವನಹಳ್ಳಿಯ ವಿಮಾನ ಎರಡನ್ನೂ ಹಗಲೂ ರಾತ್ರಿ ತಲೆಯ ಮೇಲೆ ಹೊತ್ತುಕೊಂಡೇ ಬಾಳಿದವಳು ಅವಳು. ಕೈಗಳು ತಾವಾಗಿಯೇ ಮುಗಿದವು, ರಂಗೋಲಿ ಬಟ್ಟಲು ಜಾರಿ ಬಿತ್ತು.

ಒಳಗೆ ಓಡಿ ಗಂಡನನ್ನು ಎಬ್ಬಿಸಿದಳು. ಬದರೀನಾಥರು ಎದ್ದರು, ಕನ್ನಡಕ ಹುಡುಕಿದರು, ಮಂಕಿ ಕ್ಯಾಪು ಹುಡುಕಿದರು, ಆಮೇಲೆ ಮಫ್ಲರ್ ಬೇಕೆಂದರು. ಇಷ್ಟೆಲ್ಲ ತೊಟ್ಟು ಅವರು ಗೇಟಿಗೆ ಬರುವಷ್ಟರಲ್ಲಿ ಆಕಾಶ ಎಂದಿನ ಆಕಾಶವಾಗಿತ್ತು.

ಕಾಫಿಯ ಹೊತ್ತಿಗೆ ಅವಳು ಕಂಡದ್ದನ್ನೆಲ್ಲ ಹೇಳಿದ ಮೇಲೆ ಮಗ ಆಕರ್ಷ್ ಫೋನಿನಲ್ಲಿ ಹುಡುಕಿದ. ಯಾರೂ ಏನೂ ಕಂಡಂತಿರಲಿಲ್ಲ.

"ಇರಬಹುದಮ್ಮ," ಎಂದ ಮೆಲ್ಲಗೆ. "ಯಾವುದೋ ಫ್ಲೈಟ್ ಇರ್ಬೇಕು."

ಸೊಸೆ ಸೌಜನ್ಯ ಇನ್ನೂ ಮೆಲ್ಲಗೆ ಹೇಳಿದಳು: "ಅತ್ತೆ, ಶನಿವಾರ ಒಂದ್ಸಲ ಡಾಕ್ಟರ್ ಹತ್ರ ಹೋಗ್ಬರೋಣ್ವಾ? ಸುಮ್ನೆ ಒಂದು ಚೆಕಪ್."

ಆ ಮೆಲುದನಿ ಪಂಕಜಾಳಿಗೆ ಗೊತ್ತಿತ್ತು. ಕೊನೆಗಾಲದಲ್ಲಿ ಅವಳ ತಾಯಿ, "ಬಾಗಿಲಲ್ಲಿ ಯಾರೋ ನಿಂತಿದಾರೆ, ಒಳಗೆ ಕರೀರೇ," ಎನ್ನುತ್ತಿದ್ದರು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. "ಆಯ್ತಮ್ಮ, ಕರೀತೀವಿ," ಎಂದು ಮನೆಯವರೆಲ್ಲ ಇದೇ ದನಿಯಲ್ಲಿ ಹೇಳುತ್ತಿದ್ದರು. ಪಂಕಜಾಳೂ ಹೇಳಿದ್ದಳು. ಈಚೆಗೆ ಅವಳು ಹಾಲು ಒಲೆಯ ಮೇಲಿಟ್ಟು ಮರೆತಿದ್ದುಂಟು, ನೀರು ಹಾಕದೆ ಕುಕ್ಕರ್ ಇಟ್ಟದ್ದೂ ಉಂಟು. ಈಗ ಇಲ್ಲದ ಬೆಳಕು ಬೇರೆ. ಅಮ್ಮನ ದಾರಿಯನ್ನೇ ತಾನೂ ಹಿಡಿದೆನೆ?

ಆಗ ನೆನಪಾಯಿತು. ಬೆಳಕು ಹರಡುತ್ತಿದ್ದಾಗ ಪಕ್ಕದ ಮನೆಯ ಪೊರಕೆಯ ಸದ್ದು ನಿಂತಿತ್ತು.

ಹೋಗಿ ಕೇಳಬೇಕು. ಆದರೆ ಕೇಳಿ, ಆಕೆ ಇಲ್ಲ ಎಂದುಬಿಟ್ಟರೆ? ಸಂಜೆಯವರೆಗೂ ಪಂಕಜಾಳಿಗೆ ಧೈರ್ಯ ಬರಲಿಲ್ಲ. ಕೊನೆಗೆ ಪೂಜೆಯ ಹುಗ್ಗಿಯನ್ನು ಒಂದು ಡಬ್ಬಿಗೆ ಹಾಕಿಕೊಂಡು, ಅದನ್ನೇ ನೆಪಮಾಡಿಕೊಂಡು ಹೊರಟಳು. ಹತ್ತು ಹೆಜ್ಜೆಯ ದಾರಿ ಬೆಟ್ಟ ಹತ್ತಿದ ಹಾಗಾಯಿತು.

ಮುನಿಕೃಷ್ಣಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಡಬ್ಬಿಯನ್ನು ನೋಡಿದಳು, ಡಬ್ಬಿ ಹಿಡಿದವಳ ಮುಖ ನೋಡಿದಳು.

"ಬೆಳಗ್ಗೆ ಅದ್ ನೋಡುದ್ರಾ ಪಂಕಜಮ್ಮಾ?" ಎಂದಳು ಮುನಿಕೃಷ್ಣಮ್ಮ.

ಪಂಕಜಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕಣ್ಣಲ್ಲಿ ನೀರು ಬಂತು. "ನೀವೂ ನೋಡಿದ್ರಾ?"

"ನೋಡ್ದೆ ಇರ್ತೀನಾ? ನಮ್ ಮಗ ಮುನಿರಾಜುಗ್ ಯೋಳುದ್ರೆ, ಕನಸ್ ಕಂಡಿದ್ದೀಯ ಸುಮ್ಕಿರಮ್ಮೋ ಅಂದ. ಪೊರಕೆ ಇಡ್ಕಂಡ್ ನಿಂತ್ಕಂಡು ಯಾರಾನ ಕನಸ್ ಕಾಣ್ತಾರಾ? ನೀವೇ ಯೋಳಿ!"

ಪಂಕಜಾ ಅಳುತ್ತಲೇ ನಕ್ಕಳು. ಅಮ್ಮನ ವಿಷಯ, ಕುಕ್ಕರಿನ ವಿಷಯ, ಡಾಕ್ಟರ ವಿಷಯ ಎಲ್ಲವನ್ನೂ ಹೇಳಿದಳು. ಗಂಡನಿಗೂ ಬಾಯಿಬಿಟ್ಟು ಹೇಳದಿದ್ದ ಭಯವನ್ನು ಮಾತು ಬಿಟ್ಟವಳ ಮುಂದೆ ಹೇಳಿಕೊಂಡಳು. ಮುನಿಕೃಷ್ಣಮ್ಮ ಕೊನೆತನಕ ಕೇಳಿ, ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಷ್ಟು ವರ್ಷ ಕಾಲಿಡದಿದ್ದ ಪಂಕಜಾಳ ಮನೆಯೊಳಕ್ಕೆ ನೇರವಾಗಿ ನಡೆದಳು.

"ಸಾರ್, ಒಸಿ ಟಿವಿ ಆರ್ಸಿ," ಎಂದಳು ಬದರೀನಾಥರಿಗೆ. ಆಮೇಲೆ ಆಕರ್ಷನ ಕಡೆ ತಿರುಗಿದಳು. "ನೋಡಪ್ಪ, ಟ್ಯಾಂಕಿನ್ ಮ್ಯಾಗಿಂದ ಬಂತು. ಬೆಳ್ಳಗೆ ಅಗಲ್ವಾಗಿ ಅರಡ್ಕೊಂತು, ಅಂಚೆಲ್ಲ ನೀಲಿ. ನಿಮ್ಮಮ್ಮ ಕೈ ಮುಕ್ಕಂಡ್ ನಿಂತಿದ್ರು, ಬಟ್ಲು ಬಿದ್ದೋಯ್ತು. ಓಗ್ ನೋಡು, ಗೇಟ್ ತಾವ ಪುಡಿ ಇನ್ನೂ ಅಂಗೇ ಬಿದ್ದೈತೆ."

ನೀಲಿ ಅಂಚಿನ ಮಾತನ್ನು ಪಂಕಜಾ ಅವಳಿಗೆ ಹೇಳಿಯೇ ಇರಲಿಲ್ಲ. ಬೆಳಗ್ಗೆ ಕಾಫಿಯ ಹೊತ್ತಿಗೆ ಮಗನ ಮುಂದೆ ಮಾತ್ರ ಹೇಳಿದ್ದಳು. ಆಕರ್ಷ್ ತಾಯಿಯನ್ನೇ ನೋಡಿದ.

"ಹಾಗಾದ್ರೆ ಏನಮ್ಮ ಅದು? ರಾಕೆಟ್ಟಾ? ನಂಗೊಂದೂ ಗೊತ್ತಾಗ್ತಿಲ್ವಲ್ಲ!" ಎಂದು ಕೂಗಿದ. ಅವನ ಎಂದಿನ ಒರಟು, ಜೋರು ದನಿ. ಪಂಕಜಾಳಿಗೆ ಅದಕ್ಕಿಂತ ಇಂಪಾದದ್ದು ಆ ದಿನ ಬೇರೆ ಯಾವುದೂ ಕೇಳಿಸಿರಲಿಲ್ಲ. ಯಾರಿಗೂ ಗೊತ್ತಿಲ್ಲದ್ದು ಈಗ ಆಕಾಶದಲ್ಲಿತ್ತು, ಅವಳ ತಲೆಯಲ್ಲಿರಲಿಲ್ಲ.

"ಶನಿವಾರ ಬರ್ತೀನಿ ಸೌಜನ್ಯ," ಎಂದಳು. "ಕುಕ್ಕರ್ ವಿಷಯ ಕೇಳೋಣ. ಬೆಳಕಿನ ವಿಷಯ ಬೇಡ."

ಮರುದಿನ ಬೆಳಗಿನ ಜಾವ ಗೇಟು ತೆಗೆದಾಗ ಮುನಿಕೃಷ್ಣಮ್ಮ ತುಂಬಿದ ಬಕೆಟ್ಟನ್ನು ಪಕ್ಕಕ್ಕಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

"ಫಸ್ಟು ನೀವು ರಂಗೋಲಿ ಆಕ್ಕಳಿ. ಒಣಗ್ಲಿ. ನೀರು ಆಮ್ಯಾಕೆ ಉಯ್ಕತೀನಿ."

"ರಂಗೋಲಿ ಎಲ್ಲಾದ್ರೂ ಒಣಗುತ್ತಾ! ನೀವ್ ಮೊದ್ಲು ನೀರು ಹಾಕಿ. ಎರಡೂ ಬಾಗಿಲು ಒಟ್ಟಿಗೇ ತೊಳೆದುಬಿಡೋಣ," ಎಂದು ಪಂಕಜಾ ಪೊರಕೆ ತಂದಳು.

ನೀರು ಇಳಿಜಾರಿನಲ್ಲಿ ಹರಿದು ಬಂತು. ಅದನ್ನು ತನ್ನ ಬಾಗಿಲಿನುದ್ದಕ್ಕೂ ಬಳಿಯುತ್ತ ಪಂಕಜಾ ಮೇಲೆ ನೋಡಿದಳು. ಚುಕ್ಕಿಗಳು, ದೂರದಲ್ಲಿ ಒಂದು ವಿಮಾನ, ಅಷ್ಟೇ. ಮನಸ್ಸು ತುಂಬಿ ಬಂದಿತ್ತು. ಮನಸ್ಸಿನಲ್ಲೇ ಕೈ ಮುಗಿದಳು. ಆ ಬೆಳಕಿಗೋ ಪಕ್ಕದಲ್ಲಿದ್ದವಳಿಗೋ, ಅವಳಿಗೇ ತಿಳಿಯಲಿಲ್ಲ.

"ಮುನಿಕೃಷ್ಣಮ್ಮ, ಮುಂದೆ ಒಂದಿನ ನಿಜವಾಗ್ಲೂ ಇಲ್ದೇ ಇರೋದೇ ನಂಗೆ ಕಾಣಿಸೋಕೆ ಶುರುವಾದ್ರೆ?"

ಮುನಿಕೃಷ್ಣಮ್ಮ ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಎರಚಿದಳು.

"ನನ್ನ ಕೂಗಿ. ನಾನ್ ಬಂದ್ ನೋಡಿ, ಐತೋ ಇಲ್ವೋ ಯೋಳ್ತೀನಿ."