ನೋಡಿಕೊಳ್ಳುವವರ ಗುಂಪು

ಬಾಗಿಲಲ್ಲಿ ನಿಂತ ಹೆಂಗಸು ಚೀಲದಿಂದ ಮೆತ್ತನೆಯ ಉಣ್ಣೆ ಟೋಪಿಯೊಂದನ್ನು ತೆಗೆದು, ಗಂಡನನ್ನು ಆಗಷ್ಟೇ ಮಣ್ಣು ಮಾಡಿ ಬಂದವಳ ತಲೆಗೆ ತೊಡಿಸಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಅರವತ್ತು ದಾಟಿದ ಆ ತಲೆಯಲ್ಲಿ ಮಣಿಕಟ್ಟಿನಷ್ಟು ದಪ್ಪದ ಜಡೆಯಿತ್ತು.

"ನಿಮ್ಮ ಕೂದ್ಲೆಲ್ಲಾ ಉದುರಿದೆ ಅಂತಿದ್ರಲ್ಲ ನಿಮ್ಮ ಯಜಮಾನ್ರು?"

"ಉದುರಿದ್ದು ಅವರದ್ದು" ಅಂದಳು ಅವಳು.

ಒಳಗಿನಿಂದ ಅವಳ ತಂಗಿ ಸೆರಗಿಗೆ ಕೈ ಒರೆಸುತ್ತಾ ಬಂದಳು. ಬೆಳಗಿನಿಂದ ಬಂದವರನ್ನೆಲ್ಲ ಗದರಿಸಿ ಕೂರಿಸಿ ಅವಳ ಗಂಟಲು ಕಟ್ಟಿತ್ತು. "ಯಾರ್ರೀ ನೀವು? ಮನೆ ತಪ್ಪಿ ಬಂದ್ರಾ?"

"ಲಿಫ್ಟಣ್ಣನ ಮನೆ ಇದೇ ತಾನೆ?" ಅಂದ, ಹಿಂದೆ ನಿಂತಿದ್ದ ಸಣಕಲು ಗಂಡಸು.

ಮನೆಯೇನೋ ಅದೇ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯನಿಗೆ ಆ ಹೆಸರು ಸಲ್ಲುವಂಥದ್ದೇ, ಆದರೆ ಮನೆಯಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಬಂದ ಹೆಂಗಸು ಸಿಟಿ ಬಸ್ಸಿನ ಡ್ರೈವರ್. ಗಂಡಸು ಕಟಿಂಗ್ ಶಾಪಿನವನು. ಇಬ್ಬರ ಮನೆಯಲ್ಲೂ ಕ್ಯಾನ್ಸರ್ ಇತ್ತು. ಅವಳ ಗಂಡನಿಗೆ, ಇವನ ತಾಯಿಗೆ.

"ರೋಗಿಗಳನ್ನ ನೋಡ್ಕೊಳ್ಳೋರದ್ದು ಒಂದು ಗುಂಪಿದೆಯಮ್ಮಾ, ಫೋನಲ್ಲಿ" ಅಂದಳು ಡ್ರೈವರ್. "ಹೆಂಡ್ತಿಗೆ ಕಾಯಿಲೆ, ನಾನು ನೋಡ್ಕೊಳ್ತಿದೀನಿ ಅಂತ ಅಣ್ಣ ಬರೀತಿದ್ರು. ಮೂರು ದಿನದಿಂದ ಅವರ ಸುದ್ದೀನೇ ಇಲ್ಲ. ಇವತ್ತು ಅವರ ಕಂಪನಿಗೆ ಹೋಗಿ ಕೇಳಿದ್ರೆ, ಗೇಟಿನವನು ತೀರ್ಕೊಂಡ್ರು ಅಂದು ಮನೆ ವಿಳಾಸ ಕೊಟ್ಟ. ನೋಡ್ಕೊಳ್ಳೋರೇ ಹೋದ್ರೆ ಮಲಗಿರೋ ನಿಮ್ಮ ಗತಿ ಏನು ಅಂತ ಎದ್ದೂ ಬಿದ್ದೂ ಬಂದ್ವಿ."

ಅಕ್ಕ ಬಾಗಿಲಿನಿಂದ ಸರಿದು ಅವರನ್ನು ಒಳಗೆ ಬಿಟ್ಟಳು.

*

ಒಂದೂವರೆ ವರ್ಷದ ಹಿಂದೆ, ಗಂಡನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ತಿಳಿದ ವಾರ, ಆಸ್ಪತ್ರೆಯ ನರ್ಸ್ ಅವಳ ಕೈಗೆ ಒಂದು ಚೀಟಿ ಕೊಟ್ಟಿದ್ದಳು. "ಇದು ಅವರಿಗಲ್ಲ, ನಿಮಗೆ. ಈ ಗುಂಪಿಗೆ ಸೇರ್ಕೊಳ್ಳಿ. ಮನಸ್ಸಿನ ಭಾರ ಇಳಿಯುತ್ತೆ."

"ನನಗೇನು ಬಂದಿದೆ ರೋಗ?" ಎಂದು ಅವಳು ಚೀಟಿಯನ್ನು ಮನೆಯ ಮೇಜಿನ ಮೇಲೆ ಒಗೆದಿದ್ದಳು. ಅದು ಆಮೇಲೆ ಎಲ್ಲಿ ಹೋಯಿತೋ ವಿಚಾರಿಸಲಿಲ್ಲ. ಅವನು ಹಾಸಿಗೆಯಲ್ಲಿ ಒರಗಿ ಫೋನು ಹಿಡಿದು ಕೂತಾಗಲೆಲ್ಲ ಇಸ್ಪೀಟು ಆಡುತ್ತಿದ್ದಾನೆ ಎಂದುಕೊಂಡಳು.

ಅವಳ ದಿನ ಔಷಧಿ, ಗಂಜಿ, ಬಟ್ಟೆ, ಮತ್ತೆ ಔಷಧಿ. ಕೊನೆಕೊನೆಗೆ ಅವಳು ಒಲೆಯ ಪಕ್ಕ ನಿಂತೇ ಊಟ ಮುಗಿಸುತ್ತಿದ್ದಳು.

ಹದಿನೈದು ದಿನದ ಹಿಂದೆ ಒಂದು ಸಂಜೆ, ಅಡಿಗೆಮನೆಯಲ್ಲಿ ತಂಗಿಯೊಡನೆ ಫೋನಿನಲ್ಲಿ ಮಾತಾಡುತ್ತಾ, ಯಾವ ಮಾಯದಲ್ಲೋ ಬಾಯಿ ಜಾರಿತು: "ನನ್ನ ಕೈಲಾಗಲ್ಲ ಕಣೇ. ಬೇಗ ಮುಗಿದುಬಿಟ್ರೆ ಸಾಕಾಗಿದೆ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೋಣೆಗೆ ಬಂದು ನೋಡಿದರೆ ಅವನು ಕಣ್ಣು ಮುಚ್ಚಿದ್ದ. ನಿದ್ದೆಯೋ, ಅಲ್ಲವೋ? ಮರುದಿನ ಅವನು, ಒಂದು ಗುಟುಕು ನೀರಿಗೂ ಒದ್ದಾಡುತ್ತಿದ್ದವನು, ತಟ್ಟೆ ಇಲ್ಲಿಗೇ ತಂದು ಕೂತು ತಿನ್ನು ಎಂದು ಹಟ ಹಿಡಿದ. ಅವಳು ಕೂತಳು. ಅವನು ಪ್ರತಿ ತುತ್ತನ್ನೂ ನೋಡುತ್ತಿದ್ದ. ಕೇಳಿಸಿಕೊಂಡಿದ್ದಾನೆ, ಅದಕ್ಕೇ ಹೀಗೆ ದಿಟ್ಟಿಸುತ್ತಿದ್ದಾನೆ ಅನ್ನಿಸಿ ಅರ್ಧಕ್ಕೇ ತಟ್ಟೆ ಎತ್ತಿಕೊಂಡು ಎದ್ದಳು. ಕೇಳುವ ಧೈರ್ಯವೂ ಬರಲಿಲ್ಲ. ಇಂದು ಮಣ್ಣು ಹಾಕುವಾಗಲೂ ಅವಳ ತಲೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ. ಇನ್ನು ಉತ್ತರ ಹೇಳುವವರು ಯಾರು?

*

ನಡುಮನೆಯಲ್ಲಿ ಕಟಿಂಗ್ ಶಾಪಿನವನ ಮುಖ ಕೆಂಪಾಗಿತ್ತು.

"ಅಂದ್ರೆ ಇಷ್ಟು ದಿನ ನಮ್ಮ ಗೋಳೆಲ್ಲಾ ಒಬ್ಬ ರೋಗಿ ಓದ್ತಿದ್ರಾ? ಅವರ ಕಿವಿಗೆ ಬೀಳಬಾರದ್ದನ್ನ ಹೇಳ್ಕೊಳ್ಳೋಕೇ ಅಲ್ವಾ ಆ ಗುಂಪು ಇರೋದು? ನಂಬಿಸಿ ಕುತ್ತಿಗೆ ಕೊಯ್ದ ಹಾಗಾಯ್ತು."

"ಸಾವಿನ ಮನೇಲಿ ನಿಂತು ಆಡೋ ಮಾತೇನ್ರೀ ಇದು?" ತಂಗಿ ಏರಿ ಬಂದಳು.

"ನನ್ನ ಸಂಕಟ ನನಗೆ ಗೊತ್ತು ಕಣಮ್ಮಾ. ನಮ್ಮಮ್ಮ ಬೇಗ ಹೋಗ್ಲಿ ಅನ್ನಿಸ್ತಿದೆ ಅಂತ ಬರೆದಿದ್ದೆ. ಹೆತ್ತ ಮಗ! ಅದನ್ನೂ ಓದಿದ್ರಲ್ಲ ಅವರು. ಸಾಯ್ತಾ ಮಲಗಿದ್ದೋರು."

ಅಕ್ಕ ಅವನತ್ತ ತಿರುಗಿದಳು. "ಅದಕ್ಕೆ ಏನಂದ್ರು ಅವರು?"

ಅವನ ಸಿಟ್ಟು ಅಲ್ಲೇ ತೊಡರಿತು. ಫೋನು ತೆಗೆದು ಹುಡುಕಿ, ನಾಚಿಕೊಂಡವನಂತೆ ಡ್ರೈವರಮ್ಮನ ಕೈಗೆ ಕೊಟ್ಟ. ಅವಳು ಕನ್ನಡಕ ಏರಿಸಿ ಓದಿದಳು:

"ತಮ್ಮಾ, ಆ ಮಾತು ಇವತ್ತು ನಮ್ಮ ಮನೆಯಲ್ಲೂ ಬಂತು. ಅಡಿಗೆಮನೆಯಲ್ಲಿ ಆಡಿದ್ದು, ಮಲಗಿದವರ ಕಿವಿಗೂ ಬಿತ್ತು. ಮಲಗಿದವರಿಗೆ ಎಳ್ಳಷ್ಟೂ ಕೋಪ ಬರಲಿಲ್ಲ, ನನಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ನಿಂತ ಕಾಲಲ್ಲೇ ಇರುವ ಜೀವ, ಅಷ್ಟೂ ಅನ್ನದಿದ್ದರೆ ಹೇಗೆ? ನೀನು ಅಮ್ಮನ ಎದುರು ತಲೆ ತಗ್ಗಿಸಬೇಡ. ಆ ಮಾತು ಎತ್ತಿ ಸಮಾಧಾನ ಹೇಳುವುದು ಹೇಗೆ ಅನ್ನೋದೇ ನನಗೆ ತಿಳಿಯುತ್ತಿಲ್ಲ. ಹೇಳಿದರೆ ಎದೆ ಒಡೆದುಕೊಂಡಾರು. ಯಾರಾದರೂ ದಾರಿ ತೋರಿಸಿ."

"ಅಣ್ಣ ಆಡಿದ್ದು, ನೀವು ಕೇಳಿಸ್ಕೊಂಡಿದ್ದು ಅಂತ ತಿಳ್ಕೊಂಡ್ವಿ ನಾವು" ಅಂದಳು ಡ್ರೈವರ್, ಮೆಲ್ಲಗೆ. "ತಲೆಗೊಂದು ಸಲಹೆ ಬಂತು. ಹತ್ತಿರ ಕೂರಿಸ್ಕೊಂಡು ಒಟ್ಟಿಗೆ ಊಟ ಮಾಡಿ, ಬಾಯಿಬಿಟ್ಟು ಹೇಳೋದೇ ಬೇಡ ಅಂತ ಬರೆದೋಳು ನಾನು."

ಅಕ್ಕ ಅತ್ತಳು. ಇಷ್ಟು ಹೊತ್ತೂ ಬರದೆ ಸತಾಯಿಸಿದ್ದ ಅಳು, ಅಷ್ಟು ಜನರ ನಡುವೆ, ದನಿ ತೆಗೆದು ಬಂತು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಆ ಮಾತನ್ನು ಫೋನಿನ ಇನ್ನೊಂದು ತುದಿಯಲ್ಲಿ ಕೇಳಿದ್ದವಳು ಅವಳೇ.

ಅಳು ಇಳಿದ ಮೇಲೆ ಅವಳು ಕೋಣೆಗೆ ಹೋಗಿ ಅವನ ಫೋನನ್ನು ಚಾರ್ಜಿಗೆ ಹಾಕಿದಳು. ಬೀಗ ಇರಲಿಲ್ಲ. ಅವನು ಯಾವುದಕ್ಕೂ ಬೀಗ ಹಾಕುವವನಲ್ಲ. ತಂಗಿ ಗುಂಪನ್ನು ತೆರೆದು ಕೊಟ್ಟು ಹೊರಗೆ ಹೋದಳು. ಅವಳು ಮಂಚದ ಅಂಚಿನಲ್ಲಿ ಕೂತು ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು:

"ಆ ಮಾತು ಆಡಿದ್ದು ನಾನು. ಮಲಗಿದ್ದವರು ಅವರು. ಅವರು ಹೇಳಬೇಕೆಂದಿದ್ದು ಇವತ್ತು ನನಗೆ ಮುಟ್ಟಿತು."

ಕಳಿಸಿದಳು. ನಡುಮನೆಯಲ್ಲಿ ಎರಡು ಫೋನುಗಳು ಒಟ್ಟಿಗೆ ಸದ್ದು ಮಾಡಿದವು. ಗಂಡನ ಹೆಸರಿನ ಕೆಳಗೆ ಅವಳ ಮಾತು ಕೂತಿತ್ತು. ಆಮೇಲೆ ಪರದೆಯ ಮೇಲ್ಭಾಗದಲ್ಲಿ ಯಾರೋ ಬರೆಯುತ್ತಿದ್ದಾರೆಂದು ತೋರಿತು, ಅಳಿಯಿತು, ಮತ್ತೆ ತೋರಿತು. ಅವಳು ಬಾಗಿಲಿನಿಂದಾಚೆ ನೋಡಿದಳು. ಕಟಿಂಗ್ ಶಾಪಿನವನು ಗೋಡೆಗೆ ಒರಗಿ, ತಲೆ ಬಗ್ಗಿಸಿ, ಅಕ್ಷರ ಒತ್ತುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಒತ್ತುತ್ತಿದ್ದ. ಅವಳು ಎರಡೂ ಕೈಯಲ್ಲಿ ಫೋನು ಹಿಡಿದು ಕಾಯುತ್ತಾ ಕೂತಳು.